ಕಪ್ಪು ಜೀರುಂಡೆಯ ಮೇಲಿನ ದೂರು

ಅಕ್ಕನ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಬಿಳಿ ಪುಡಿ ಇರುತ್ತಿತ್ತು. ಮನೆಗೆ ಬಂದ ಆಂಟಿಯರು ಅದನ್ನು ರಂಗೋಲಿ ಹಿಟ್ಟು ಎಂದುಕೊಂಡು ಮೆಚ್ಚುತ್ತಿದ್ದರು. ಅದು ಕ್ಯಾಲ್ಸಿಯಂ ಪುಡಿ. ಜೀವಂತ ಜೀರುಂಡೆಗಳನ್ನು ಚೀಲಕ್ಕೆ ಹಾಕಿ, ಪುಡಿ ಉದುರಿಸಿ, ಚುರುಮುರಿ ಕಲಸುವವರ ಹಾಗೆ ಕುಲುಕಿ, ತಾನು ಸಾಕಿದ ಹಲ್ಲಿಗಳಿಗೆ ಹಾಕುತ್ತಿದ್ದಳು.

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಅವಳ ಮನೆ. ಒಂದು ಪ್ರಾಣಿ ಚಿಕಿತ್ಸಾಲಯದ ರಿಸೆಪ್ಷನ್‌ನಲ್ಲಿ ಅವಳಿಗೆ ಕೆಲಸ. ಹಲ್ಲಿ, ಓತಿ ಸಾಕುವವರು ಬಂದರೆ ಡಾಕ್ಟರೇ ‘ಊಟದ ವಿಷಯ ಅವಳನ್ನು ಕೇಳಿ’ ಎನ್ನುತ್ತಿದ್ದರಂತೆ. ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟ ನನ್ನನ್ನು ಕರೆಸಿಕೊಂಡು ಇಟ್ಟುಕೊಂಡವಳೂ ಅವಳೇ. ನಾನು ದಿನಸಿ ವ್ಯಾಪಾರಿಯೊಬ್ಬರ ವ್ಯಾನ್ ಓಡಿಸುತ್ತಿದ್ದೆ. ವಾರಕ್ಕೊಮ್ಮೆ ಡಾಲಸ್, ವಾರಕ್ಕೊಮ್ಮೆ ಹ್ಯೂಸ್ಟನ್. ಅಕ್ಕಿ ಮೂಟೆ, ಉಪ್ಪಿನಕಾಯಿ ಬಾಟಲಿ, ಅದರ ನಡುವೆ ಅಕ್ಕನ ಹುಳ.

ನಮ್ಮದು ಮೊಟ್ಟೆ ಒಳಗೆ ಬರದ ಮನೆ. ಆದರೆ ಮೊಟ್ಟೆಯ ರಟ್ಟಿನ ಟ್ರೇ ರಾಶಿರಾಶಿ ಬರುತ್ತಿತ್ತು. ಜೀರುಂಡೆಗಳು ಅದರ ಗುಳಿಗಳಲ್ಲಿ ಅಡಗಿ ಕೂರುತ್ತವೆ. ಹೋಟೆಲುಗಳ ಹಿಂಬಾಗಿಲಿನಲ್ಲಿ ನಿಂತು ಅವನ್ನು ಬೇಡಿ ತರುವವನು ನಾನು. ಹಬ್ಬಕ್ಕೆ ಬಂದ ಒಬ್ಬ ಆಂಟಿ ಗ್ಯಾರೇಜ್ ನೋಡಿ, “ಪಂಚಾಂಗದಲ್ಲಿ ಹಲ್ಲಿ ಬಿದ್ದ ಫಲ ಇದೆ ಕಣಮ್ಮ, ಸಾಕಿದ ಫಲ ಎಲ್ಲೂ ಕಾಣ್ಲಿಲ್ಲ” ಎಂದರು. ಅಕ್ಕ ನನ್ನತ್ತ ಕೈ ತೋರಿಸಿ, “ಸಾಕಿದ ಫಲ ಅಲ್ಲಿ ಸೋಫಾ ಮೇಲೆ ಬಿದ್ಕೊಂಡಿದೆ ನೋಡಿ” ಎಂದಳು.

ಸಂಜೆ ನಾನು ಹಸಿದು ಬಂದರೂ ಅವಳು ಮೊದಲು ಕ್ಯಾರೆಟ್ ಹೆಚ್ಚುತ್ತಿದ್ದುದು ಜೀರುಂಡೆಗಳಿಗೆ.

“ನಂಗಿಲ್ದಿರೋ ಮರ್ಯಾದೆ ಈ ಹುಳಕ್ಕಾ?” ಎಂದು ರೇಗುತ್ತಿದ್ದೆ.

“ಹುಳ ಏನ್ ತಿಂತೋ ಅದನ್ನೇ ಹಲ್ಲಿ ತಿನ್ನೋದು ಕಣೋ. ಮೊದ್ಲು ಹುಳದ ಹೊಟ್ಟೆ ನೋಡ್ಬೇಕು.” ಈ ಮಾತನ್ನು ನಾನು ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ. ಕೇಳಿಸಿಕೊಂಡೆ, ಅಷ್ಟೇ.

ಒಂದು ವರ್ಷ ಬೇಸಿಗೆ ಮುಗಿಯುವಾಗ ಅವಳಿಗೆ ಹೊಸ ಹುಚ್ಚು ಹಿಡಿಯಿತು. ಯಾವ ಜಾತಿಯ ಜೀರುಂಡೆ ಒಳ್ಳೆಯದು ಎಂದು ಹೋಲಿಸಿ ನೋಡಬೇಕಂತೆ. ಮೂರು ಗಾಜಿನ ಪೆಟ್ಟಿಗೆ, ಮೂರು ಹಲ್ಲಿ, ಒಂದೊಂದಕ್ಕೆ ಒಂದೊಂದೇ ಜಾತಿ. ಕಂದು ಬಣ್ಣದ್ದು ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು. ಮೆತ್ತಗಿನದು, ಆದರೆ ಸ್ವಲ್ಪ ಸೆಕೆಯಾದರೂ ಸತ್ತು ನಾರುತ್ತಿತ್ತು. ಮೈಮೇಲೆ ಪಟ್ಟೆ ಇರುವುದನ್ನು ಡಾಲಸ್‌ನಲ್ಲಿ ಒಬ್ಬ ಹುಡುಗಿ ಮನೆಯಲ್ಲೇ ಸಾಕುತ್ತಿದ್ದಳು. ಅದು ಚಿಕ್ಕದು, ಬಾಳಿಕೆ ಹೆಚ್ಚು, ಗಲಾಟೆ ಕಡಿಮೆ, ಆದರೆ ಮುಚ್ಚಳ ತೆಗೆದರೆ ಹಾರಿ ಮಾಯ. ನನ್ನ ವ್ಯಾನಿನ ಬೇಳೆ ಮೂಟೆಗಳ ಸಂದಿಯಲ್ಲಿ ಎಷ್ಟು ಸೇರಿಕೊಂಡವೋ! ಇನ್ನು ಕಪ್ಪು ಜಾತಿ ದಪ್ಪ, ಚಿಪ್ಪು ಗಟ್ಟಿ, ಕಚ್ಚುತ್ತಿತ್ತು ಕೂಡ. ಅದನ್ನು ಹ್ಯೂಸ್ಟನ್ ಆಚೆ ಫುಲ್‌ಶೀರ್‌ನಲ್ಲಿ ಒಬ್ಬ ಮುದುಕ ಸಾಕಿ ಮಾರುತ್ತಿದ್ದ. ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಹೋದರೆ ಮುದುಕ ಅರ್ಧ ಗಂಟೆ ಮಾತು ಬೇರೆ.

ಹಲ್ಲಿಯ ತೂಕ ಎಷ್ಟು, ತಿಂದ ಹುಳ ಎಷ್ಟು, ಉಳಿದದ್ದು ಎಷ್ಟು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದಳು. ಅವಳದೊಂದು ವಿಚಿತ್ರ ನೇಮವಿತ್ತು: ಬರೆದ ಸಾಲನ್ನು ಸುಮ್ಮನೆ ಹೊಡೆದುಹಾಕುವಂತಿಲ್ಲ. ತಪ್ಪೆಂದಾದರೆ ಅದನ್ನು ಕಣ್ಣಾರೆ ಕಂಡವರು ಪಕ್ಕದಲ್ಲಿ ತಮ್ಮ ಕೈಯಾರೆ ಬರೆಯಬೇಕು.

ಈ ಹೋಲಿಕೆ ಶುರುವಾದ ಎರಡನೇ ತಿಂಗಳಿನ ಒಂದು ವಾರ ಹ್ಯೂಸ್ಟನ್‌ನಿಂದ ಬರುವಾಗ ನನಗೆ ತಲೆ ಕೆಟ್ಟಿತ್ತು. ಫುಲ್‌ಶೀರ್ ತಿರುವು ಬಂತು, ನಾನು ತಿರುಗಿಸಲಿಲ್ಲ. ಮರುದಿನ ಬೆಳಿಗ್ಗೆ ಮನೆಗೆ ಹೋಗುವ ಮುಂಚೆ ರೌಂಡ್ ರಾಕ್‌ನ ಒಂದು ಅಂಗಡಿಗೆ ಮೂಟೆ ಇಳಿಸುತ್ತಿದ್ದೆ. ಆ ಕಾಲದಲ್ಲಿ ಇಲ್ಲಿ ಕಪ್ಪು ಜೀರುಂಡೆಗಳು ದೀಪಕ್ಕೆ ಬಂದು ಗೋಡೆಯ ಬುಡದಲ್ಲಿ ಗುಡ್ಡೆ ಬೀಳುತ್ತವೆ. ಕಪ್ಪು ಎಂದರೆ ಕಪ್ಪೇ ಅಲ್ಲವೇ? ಓಡಾಡುತ್ತಿದ್ದವನ್ನು ಡಬ್ಬಿಗೆ ಗುಡಿಸಿಕೊಂಡೆ. ಅಲ್ಲಿ ಮೂಗಿಗೆ ಬಡಿಯುವ ಔಷಧಿ ವಾಸನೆ ಇತ್ತು. ಏನೆಂದು ಯೋಚಿಸದೆ ಹೋದೆ ಎಂದು ಹೇಳಬಹುದು. ಆದರೆ ಯೋಚಿಸಿದೆ. ಯೋಚಿಸಿಯೂ ತಂದುಕೊಟ್ಟೆ.

“ಮುದುಕ ಹೇಗಿದಾನೋ?” ಎಂದಳು ಅಕ್ಕ, ಡಬ್ಬಿ ತೆಗೆದುಕೊಳ್ಳುತ್ತಾ.

“ಅದೇ ಮಾತು, ಅದೇ ಕಥೆ” ಎಂದೆ.

ಎರಡು ದಿನಕ್ಕೆ ಮೂರನೇ ಪೆಟ್ಟಿಗೆಯ ಹಲ್ಲಿ ಕಾಲು ನಡುಗಿಸುತ್ತಾ ಅಂಗಾತ ಬಿತ್ತು. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಚಿಕಿತ್ಸಾಲಯಕ್ಕೆ ಓಡಿದಳು. ಬರುವಾಗ ಕೈ ಖಾಲಿ. ನೋಟ್‌ಬುಕ್ಕಿನಲ್ಲಿ ಬರೆದಳು: ‘ಕಪ್ಪು ಜೀರುಂಡೆ. ಚಿಪ್ಪು ಅರಗುವುದಿಲ್ಲ. ಬೇಡ.’ ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದಳು. ಅವಳ ಮಾತಿಗೆ ಬೆಲೆಯಿತ್ತು, ಜನ ಕೇಳಿದರು.

ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವಳಿಗೆ ಕಾಯಿಲೆ ಶುರುವಾದ ಮೇಲೆ ಒಂದು ಸಂಜೆ, ಅವಳು ಕ್ಯಾರೆಟ್ ಹೆಚ್ಚುತ್ತಿದ್ದಾಗ, ಹೇಳಿಬಿಟ್ಟೆ. ಅವಳ ಚಾಕು ನಿಂತಿತು.

“ಅಯ್ಯೋ ಬುದ್ಧಿಗೇಡಿ! ಕಪ್ಪು ಬೇಡ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದಿದೀನಲ್ಲೋ!”

“ಸಾರಿ ಅಕ್ಕ.”

“ನಂಗ್ಯಾಕೋ ಸಾರಿ? ಬರಿ. ಯಾವ ಗೋಡೆ, ಏನ್ ವಾಸನೆ. ನಾಲ್ಕೇ ಸಾಲು.”

“ನಾನ್ ಹೇಳ್ತೀನಿ, ನೀನೇ ಬರ್ಕೋ. ನನ್ನ ಅಕ್ಷರ ನಿಂಗೊತ್ತಲ್ಲ.”

“ಕಂಡೋನು ನೀನು. ಕಾಗೆ ಕಾಲಿನ ಅಕ್ಷರ ಆದ್ರೂ ನಿಂದೇ ಬೇಕು.”

ಆಗಲೇ ಫೋನೆತ್ತಿ ಫುಲ್‌ಶೀರ್ ಮುದುಕನ ಹತ್ತಿರ ಕ್ಷಮೆ ಕೇಳಿದಳು. ಕೊಳ್ಳುವವರಿಲ್ಲದೆ ಅವನು ಕಪ್ಪು ಜಾತಿ ಸಾಕುವುದನ್ನು ಬಿಟ್ಟು ವರ್ಷವಾಗಿತ್ತಂತೆ. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ.

ದಿನಾ ಕೇಳುತ್ತಿದ್ದಳು, “ಬರೆದ್ಯಾ?” ನಾಳೆ, ನಾಡಿದ್ದು, ಡಾಲಸ್‌ನಿಂದ ಬಂದ ಮೇಲೆ, ಹ್ಯೂಸ್ಟನ್‌ನಿಂದ ಬಂದ ಮೇಲೆ. ಒತ್ತಕ್ಷರ ತಪ್ಪುತ್ತದೆಂಬ ನಾಚಿಕೆ ಒಂದು ಕಡೆ. ಬರೆದರೆ ಅದು ನಿಜವಾಗಿಬಿಡುತ್ತದೆಂಬ ಭಯ ಇನ್ನೊಂದು ಕಡೆ. ಆಸ್ಪತ್ರೆಯಲ್ಲಿ ಕೊನೆಯ ವಾರವೂ ಕೇಳಿದಳು. “ತಂದಿದೀನಿ, ಬ್ಯಾಗಲ್ಲಿದೆ” ಎಂದೆ. ಅದೂ ಸುಳ್ಳು.

ಅವಳು ಹೋದ ಮೇಲೆ ಉಳಿದ ಎರಡು ಹಲ್ಲಿಗಳನ್ನು ಚಿಕಿತ್ಸಾಲಯದವರು ತೆಗೆದುಕೊಂಡರು. ನೋಟ್‌ಬುಕ್ ನನ್ನಲ್ಲಿದೆ. ‘ಬೇಡ’ ಎಂಬ ಸಾಲಿನ ಕೆಳಗೆ ಅವಳು ಸ್ಕೇಲ್ ಇಟ್ಟು ನಾಲ್ಕು ಗೆರೆ ಎಳೆದಿದ್ದಾಳೆ, ಮಕ್ಕಳ ಕಾಪಿ ಪುಸ್ತಕದ ಹಾಗೆ, ನನ್ನ ಅಕ್ಷರ ಸೊಟ್ಟಗಾಗದಿರಲೆಂದು. ಇವತ್ತು ಆ ಗೆರೆಗಳ ಮೇಲೆ ಬರೆದೆ:

ಈ ಹಲ್ಲಿ ಸತ್ತಿದ್ದು ಫುಲ್‌ಶೀರ್‌ನ ಕಪ್ಪು ಜೀರುಂಡೆ ತಿಂದಲ್ಲ.
ಅಂಗಡಿಯ ಹಿಂದಿನ ಗೋಡೆಯ ಬುಡದಿಂದ ನಾನು ಗುಡಿಸಿ ತಂದ ಹುಳ ತಿಂದು.
ಅಲ್ಲಿ ಔಷಧಿ ಹೊಡೆದ ವಾಸನೆ ಇತ್ತು.
ನನಗೆ ಗೊತ್ತಿತ್ತು.