ಹಳದಿ ಬಣ್ಣ ಹಚ್ಚಿದ ಬೋಲ್ಟು

ಕ್ಲಿಫರ್ಡ್ ಟ್ರಾಂಟರ್ ಐವತ್ತು ವರ್ಷ ಕಾರುಗಳ ಕೆಳಗೆ ಮಲಗಿಯೇ ಬದುಕು ಸಾಗಿಸಿದವನು. ವೇಲ್ಸ್ ಗಡಿಯ ಹತ್ತಿರದ ಲಡ್ಲೋ ಊರು ದಾಟಿ ಕ್ಲೀ ಬೆಟ್ಟಕ್ಕೆ ಏರುವ ರಸ್ತೆಯಲ್ಲಿ ಅವನ ಗ್ಯಾರೇಜು. ಹೊಸ ಕಾರುಗಳನ್ನು ಅವನು ಮುಟ್ಟುತ್ತಿರಲಿಲ್ಲ. ಎರಡೇ ಸೀಟಿನ, ಬಟ್ಟೆಯ ಚಾವಣಿಯ, ಹೊಟ್ಟೆ ನೆಲಕ್ಕೆ ತಾಗುವಂತೆ ಓಡುವ ಹಳೆಯ ಸ್ಪೋರ್ಟ್ಸ್ ಕಾರುಗಳಷ್ಟೇ ಅವನಿಗೆ ಬೇಕಾದವು. ಅಂಥ ಕಾರು ತಿರುವಿನಲ್ಲಿ ಹಿಂಭಾಗ ಕುಣಿಸಿದರೆ, ನೇರ ರಸ್ತೆಯಲ್ಲಿ ಓಲಾಡಿದರೆ, ದೊಡ್ಡ ಪಟ್ಟಣ ಶ್ರೂಸ್‌ಬರಿಯ ಮೆಕ್ಯಾನಿಕ್‌ಗಳೂ ಕೈಚೆಲ್ಲಿ ಅವನ ಹತ್ತಿರ ಕಳಿಸುತ್ತಿದ್ದರು. ಅವನು ಹೆಚ್ಚು ಮಾತಿನವನಲ್ಲ. ಮದುವೆಯಾಗಲಿಲ್ಲ, ಯಾಕೆಂದು ಯಾರಿಗೂ ಹೇಳಲೂ ಇಲ್ಲ.

ಸಾವಿರದ ಒಂಬೈನೂರ ತೊಂಬತ್ತೊಂದರ ಜೂನ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ, ಊರಿನ ಔಷಧದಂಗಡಿಯ ಮಿಸೆಸ್ ಬೆಬ್ ತನ್ನ ಹಸಿರು ಕಾರನ್ನು ನಡಿಗೆಯ ವೇಗದಲ್ಲಿ ಓಡಿಸಿಕೊಂಡು ಬಂದಳು.

"ಮಿಸ್ಟರ್ ಟ್ರಾಂಟರ್, ಈ ಕಾರು ನಿನ್ನೆ ನನ್ನನ್ನ ಕೊಲ್ಲೋದ್ರಲ್ಲಿತ್ತು."

"ಎಲ್ಲಿ? ಏನಾಯ್ತು?"

"ಬೆಟ್ಟದಿಂದ ಇಳೀತಿದ್ದೆ. ಎಡಕ್ಕೆ ತಿರುಗೋವಾಗ ಎದುರಿಗೆ ಕುರಿ ಕಂಡ್ವು, ಆಕ್ಸಿಲರೇಟರ್‌ನಿಂದ ಕಾಲು ತೆಗ್ದೆ. ಅಷ್ಟೇ ನೋಡಿ. ಹಿಂದಿನ ಭಾಗ ಯಾರೋ ಒದ್ದ ಹಾಗೆ ಹೊರಗೆ ಹಾರ್ತು. ಪಕ್ಕದಲ್ಲಿ ಮಗಳು ಕೂತಿದ್ಲು."

"ಬಲಕ್ಕೆ ತಿರುಗಿದ್ರೆ?"

"ಬಲಕ್ಕೆ ಏನೂ ಇಲ್ಲ. ನೀವೇ ಅಲ್ವಾ ಫೆಬ್ರವರೀಲಿ ಹಿಂದಿನ ರಬ್ಬರ್‌ಗಳನ್ನೆಲ್ಲಾ ಬದಲಾಯಿಸಿದ್ದು?"

ಅವಳು ಆರೋಪಿಸುವ ದನಿಯಲ್ಲಿ ಕೇಳಲಿಲ್ಲ. ಆದರೂ ಟ್ರಾಂಟರ್ ಗೋಡೆಯತ್ತ ತಿರುಗಿದ. ಫೆಬ್ರವರಿಯಲ್ಲಿ ಈ ಕಾರಿನ ಕೆಲಸ ಮಾಡಿದ್ದು ಅವನಿಗೆ ಗೊತ್ತು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿತ್ತು. ಆದರೆ ಕೆಲಸ ಮಾಡಿದ ನೆನಪು ಬೇಕೆಂದಾಗ ಬರಲಿಲ್ಲ. ಹಸಿರು ಕಾರು ಒಳಗೆ ಬಂದದ್ದು ನೆನಪಿತ್ತು, ಹೊರಗೆ ಹೋದದ್ದು ನೆನಪಿತ್ತು. ನಡುವೆ ಏನೂ ಇರಲಿಲ್ಲ.

ಅವನಿಗೆ ಅರವತ್ತಾರು. ಅವನ ಅಪ್ಪ ಕ್ಲೀ ಬೆಟ್ಟದ ಕಲ್ಲುಗಣಿಯಲ್ಲಿ ದುಡಿದವನು. ಅರವತ್ತೈದನೆಯ ವಯಸ್ಸಿನಲ್ಲಿ ಒಂದು ಸಂಜೆ ತನ್ನದೇ ಮನೆಯ ಗೇಟಿನ ಮುಂದೆ ನಿಂತು, ಟ್ರಾಂಟರ್ ಅನ್ನೋರ ಮನೆ ಯಾವುದು ಎಂದು ಮಗನನ್ನೇ ಕೇಳಿದ್ದ. ಆಮೇಲೆ ಆರು ವರ್ಷ ಬದುಕಿದ. ಅದನ್ನು ಬದುಕು ಎಂದು ಕರೆಯುವುದಾದರೆ.

"ನಾಲ್ಕು ಗಂಟೆಗೆ ಬನ್ನಿ ಮಿಸೆಸ್ ಬೆಬ್," ಎಂದ ಟ್ರಾಂಟರ್.

ಅವಳು ಹೋದ ಮೇಲೆ ಒಬ್ಬನೇ ಕಾರು ಹತ್ತಿದ. ಅಂಥ ತೊಂದರೆಯನ್ನು ಬೆನ್ನಿನಿಂದಲೇ ಹಿಡಿಯಬೇಕು, ಕೂತಲ್ಲಿ ತಿಳಿಯಬೇಕು. ಗಣಿಯ ಕೆಳಗಿನ ಎಡತಿರುವಿನ ಹೊರಬದಿಯಲ್ಲಿ ಮೊಣಕಾಲೆತ್ತರದ ಗೋಡೆ, ಅದರಾಚೆ ಇಳಿಜಾರು. ಮೊದಲ ಸಲ ಆಕ್ಸಿಲರೇಟರಿನಿಂದ ಕಾಲೆತ್ತುವ ಧೈರ್ಯವೇ ಬರಲಿಲ್ಲ, ಸುಮ್ಮನೆ ತಿರುಗಿಸಿಕೊಂಡು ಹಿಂತಿರುಗಿದ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಹಲ್ಲು ಕಚ್ಚಿ ಕಾಲೆತ್ತಿದ. ಕಾರಿನ ಬಾಲ ಬಲಕ್ಕೆ ಜಾರಿತು, ಗೋಡೆ ಎದುರಿನ ಗಾಜಿನಿಂದ ಪಕ್ಕದ ಕಿಟಕಿಗೆ ಬಂತು. ಸ್ಟೀರಿಂಗನ್ನು ಅವನ ಕೈ ತಾನಾಗಿ ತಿರುಗಿಸಿತು. ಕಾರು ಸರಿಯಾಗಿ ನಿಂತಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಗ್ಯಾರೇಜಿಗೆ ಮರಳಿದಾಗ ಪಾಲುದಾರ ಗ್ವಿಲಿಮ್ ಪ್ರೋಬರ್ಟ್ ಚಹಾ ಕುಡಿಯುತ್ತಾ ಬಾಗಿಲಲ್ಲಿ ನಿಂತಿದ್ದ. ಅವನು ಟ್ರಾಂಟರನಿಗಿಂತ ಹನ್ನೆರಡು ವರ್ಷ ಚಿಕ್ಕವ, ಗಡಿಯಾಚೆಯ ವೇಲ್ಸಿನವ, ಬಾಯಿಬಡುಕ.

"ಏನ್ ಯಜಮಾನ್ರೆ, ಮುಖ ಹಿಟ್ಟು ಮೆತ್ತಿದ ಹಾಗಿದೆ? ದೆವ್ವ ಗಿವ್ವ ಲಿಫ್ಟ್ ಕೇಳ್ತಾ?"

"ಬಾಯ್ಮುಚ್ಚಿ ದಾರ ತಗೊಂಬಾ."

ಟೈರಿನ ಗಾಳಿ ನೋಡಿದರು, ಸರಿಯಿತ್ತು. ಶಾಕ್ ಅಬ್ಸಾರ್ಬರ್‌ಗಳು ಗಟ್ಟಿಯಾಗಿದ್ದವು. ಕಾರಿನ ಎರಡೂ ಮಗ್ಗುಲಿಗೆ ದಾರ ಕಟ್ಟಿ, ಚಕ್ರದ ಅಂಚಿಗೂ ದಾರಕ್ಕೂ ಇರುವ ದೂರವನ್ನು ಅಳೆದರು. ಹಿಂದಿನ ಚಕ್ರಗಳು ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ.

"ಹೆಂಗಸು ಹೆದ್ರಿಕೊಂಡಿದಾಳೆ, ಅಷ್ಟೇ," ಎಂದ ಗ್ವಿಲಿಮ್. "ಕುರಿ ಕಂಡ್ರೆ ಯಾರಿಗಾದ್ರೂ ಕೈ ತಪ್ಪುತ್ತೆ."

"ನಾನೂ ಹೆದ್ರಿಕೊಂಡೆ. ನಂಗ್ಯಾವ ಕುರೀನೂ ಕಾಣ್ಲಿಲ್ಲ."

ಟ್ರಾಂಟರ್ ಸೀಮೆಸುಣ್ಣ ಹಿಡಿದು ಕಾರಿನ ಕೆಳಗೆ ತೂರಿದ. ಹಿಂದಿನ ಪ್ರತಿ ಚಕ್ರವನ್ನೂ ಒಂದೊಂದು ಕಬ್ಬಿಣದ ತೋಳು ಹಿಡಿದಿರುತ್ತದೆ, ಆ ತೋಳು ಬುಷ್ಷು ಎಂಬ ರಬ್ಬರ್ ಬಳೆಗಳ ಮೇಲೆ ಎರಡು ಬೋಲ್ಟುಗಳಿಂದ ಕಾರಿನ ಅಡಿಚೌಕಟ್ಟಾದ ಚಾಸಿಗೆ ತಗುಲಿಕೊಂಡಿರುತ್ತದೆ. ನಾಲ್ಕೂ ಕಡೆ, ತೋಳಿನಿಂದ ಚಾಸಿಯ ಕಬ್ಬಿಣದವರೆಗೆ ಅಡ್ಡಲಾಗಿ ಒಂದು ಬಿಳಿ ಗೆರೆ ಎಳೆದ. ಗ್ವಿಲಿಮ್ ಅಂಗಳದಲ್ಲಿ ಕಾರನ್ನು ಜೋರಾಗಿ ಮುಂದಕ್ಕೆ ಓಡಿಸಿ ಬ್ರೇಕ್ ಒತ್ತಿದ. ಟ್ರಾಂಟರ್ ಮತ್ತೆ ಕೆಳಗೆ ತೂರಿ ದೀಪ ಹಿಡಿದ. ಮೂರು ಗೆರೆಗಳು ಹಾಗೆಯೇ ಇದ್ದವು. ಬಲಬದಿಯ ಹೊರಗಿನ ಬೋಲ್ಟಿನ ಹತ್ತಿರ ಗೆರೆ ಮುರಿದು ಎರಡಾಗಿತ್ತು, ನಡುವೆ ಒಂದು ಪೆನ್ನಿ ನಾಣ್ಯದ ದಪ್ಪದಷ್ಟು ಅಂತರ.

ಎಡತಿರುವಿನಲ್ಲಿ ಕಾರಿನ ಭಾರವೆಲ್ಲ ಬಲಚಕ್ರದ ಮೇಲೆ ಬೀಳುತ್ತದೆ. ಎಂಜಿನ್ ಮುಂದಕ್ಕೆ ತಳ್ಳುವವರೆಗೂ ತೋಳು ಜಾಗದಲ್ಲಿರುತ್ತದೆ. ಕಾಲೆತ್ತಿದ ಕ್ಷಣ ಹಿಂದಕ್ಕೆ ಜರುಗುತ್ತದೆ, ಚಕ್ರ ತಾನೇ ಹೊರಗೆ ತಿರುಗಿ ಬಾಲವನ್ನು ಎಳೆದೊಯ್ಯುತ್ತದೆ. ನಿಂತ ಕಾರಿನಲ್ಲಿ ಯಾವ ದಾರಕ್ಕೂ ಇದು ಸಿಗುವುದಿಲ್ಲ.

ಆ ಬೋಲ್ಟಿನ ತಲೆಯ ಮೇಲೆ ಹಳದಿ ಬಣ್ಣದ ಬೊಟ್ಟಿತ್ತು.

ಅದು ಅವನದೇ ಬೊಟ್ಟು. ಆ ಗ್ಯಾರೇಜಿನಲ್ಲಿ ಟ್ರಾಂಟರನದು ಹಳದಿ, ಗ್ವಿಲಿಮನದು ಕೆಂಪು. ಕಾರನ್ನು ಎತ್ತಿದ್ದಾಗ ಈ ಬೋಲ್ಟುಗಳನ್ನು ಪೂರ್ತಿ ಬಿಗಿಯುವಂತಿಲ್ಲ, ಬಿಗಿದರೆ ಇಳಿಸಿದ ಮೇಲೆ ರಬ್ಬರು ತಿರುಚಿಕೊಂಡು ಹರಿಯುತ್ತದೆ. ಸಡಿಲವಾಗಿ ಕೂರಿಸಿ, ಕಾರನ್ನು ಚಕ್ರದ ಮೇಲೆ ಇಳಿಸಿ, ಸೀಟಿನಲ್ಲಿ ಮರಳಿನ ಚೀಲ ಇಟ್ಟು, ಆಮೇಲೆ ಒಂದೊಂದನ್ನೇ ಬಿಗಿದು ಬಣ್ಣ ಹಚ್ಚಬೇಕು. ಬಣ್ಣ ಬಿದ್ದ ಬೋಲ್ಟನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಮುಟ್ಟಿದರೆ ಅವನ ಮಾತನ್ನೇ ಸುಳ್ಳು ಎಂದಂತೆ. ಇಪ್ಪತ್ತೆರಡು ವರ್ಷ ಹಾಗೇ ನಡೆದಿತ್ತು.

ಟ್ರಾಂಟರ್ ಸ್ಪ್ಯಾನರ್ ಇಟ್ಟ. ಬೋಲ್ಟು ಎರಡು ಬೆರಳಿನ ಬಲಕ್ಕೇ ಮುಕ್ಕಾಲು ಸುತ್ತು ತಿರುಗಿತು.

ಅವನು ಕೆಳಗಿನಿಂದ ಹೊರಗೆ ಬರಲಿಲ್ಲ. ಗ್ವಿಲಿಮ್ ಬಗ್ಗಿ ನೋಡಿದ.

"ಸಿಕ್ತಾ?"

"ಸಿಕ್ತು. ಬಿಗೀದೆ ಬಣ್ಣ ಹಚ್ಚಿದೀನಿ."

ಗ್ವಿಲಿಮ್ ರಸ್ತೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಬಿಗಿದು ಬಿಡು. ರಬ್ಬರೇ ಕೆಟ್ಟ ಮಾಲು ಬಂದಿತ್ತು ಅಂತ ಹೇಳಿದ್ರಾಯ್ತು. ಯಾರ್ ನೋಡ್ತಾರೆ?"

"ಇದು ಒಂದೇನಾ ಅಂತ ಯಾರ್ ಹೇಳ್ತಾರೆ?"

"ಅಂದ್ರೆ?"

"ಯಾಕ್ ಹಾಗ್ ಮಾಡ್ದೆ ಅಂತ ನಂಗೇ ನೆನಪಿಲ್ಲ ಗ್ವಿಲಿಮ್. ಆ ದಿನಾನೇ ನೆನಪಿಲ್ಲ. ಆಮೇಲೆ ಎಷ್ಟು ಕಾರಿಗೆ ಬಣ್ಣ ಹಚ್ಚಿದೀನಿ ನಾನು?"

ಗ್ವಿಲಿಮ್ ಕ್ಯಾಲೆಂಡರಿನ ಹಾಳೆ ಮಗುಚಿದ. ಆರು ಹೆಸರು ಸಿಕ್ಕವು. ಅವನ್ನು ಚೀಟಿಯಲ್ಲಿ ಬರೆದು ಟ್ರಾಂಟರನ ಕೈಗಿಟ್ಟ.

ಟ್ರಾಂಟರ್ ಫೋನಿನ ಮುಂದೆ ಕೂತ. ಐದು ಜನ ಸಿಕ್ಕರು. ಐವರಿಗೂ ಒಂದೇ ಮಾತು: ಕಾರು ತೆಗೀಬೇಡಿ, ನನ್ನ ತಪ್ಪಿರಬಹುದು, ನಾನೇ ಬಂದು ನೋಡ್ತೀನಿ. ಒಬ್ಬ ಬೈದ, ಒಬ್ಬ ನಕ್ಕ. ಆರನೆಯದು ಸ್ಕೂಲ್ ಮಾಸ್ತರ ಲೆನಾರ್ಡ್ ಕೈನಾಸ್ಟನ್‌ನ ಮನೆ. ಹೆಂಡತಿ ಎತ್ತಿದಳು.

"ಅವ್ರಿಲ್ವಲ್ಲ ಮಿಸ್ಟರ್ ಟ್ರಾಂಟರ್. ಈಗಷ್ಟೇ ಹೊರಟ್ರು, ಅವರ ತಮ್ಮನ ಮನೆಗೆ. ನೈಟನ್ ದಾರೀಲಿ."

ನೈಟನ್ ದಾರಿ ತುಂಬ ತಿರುವು. ಟ್ರಾಂಟರ್ ಫೋನ್ ಇಟ್ಟು ಹೊರಗೆ ಓಡಿದ. ಗ್ವಿಲಿಮ್ ಆಗಲೇ ವ್ಯಾನ್ ಸ್ಟಾರ್ಟ್ ಮಾಡಿದ್ದ.

ದಾರಿಯುದ್ದಕ್ಕೂ ಟ್ರಾಂಟರ್ ಎಡತಿರುವುಗಳ ಬೇಲಿಗಳನ್ನೇ ನೋಡುತ್ತಿದ್ದ. ಒಂದು ಕಡೆ ಬೇಲಿ ಮುರಿದು ಬಿದ್ದಿತ್ತು. ಅವನು ಬಾಗಿಲ ಹಿಡಿಗೆ ಕೈ ಹಾಕಿದ. "ಹಳೇದು, ಹಳೇದು. ಹುಲ್ಲು ಬೆಳ್ದಿದೆ ನೋಡು," ಎಂದ ಗ್ವಿಲಿಮ್, ವೇಗ ತಗ್ಗಿಸದೆ. ಹನ್ನೊಂದು ಮೈಲಿ ಹೋದ ಮೇಲೆ, ರಸ್ತೆ ಬದಿಯ ಪಬ್ಬೊಂದರ ಅಂಗಳದಲ್ಲಿ ಕೈನಾಸ್ಟನ್‌ನ ಬಿಳಿ ಕಾರು ಕಂಡಿತು. ಮಾಸ್ತರ ಹೊರಗಿನ ಬೆಂಚಿನಲ್ಲಿ ಕೂತು ಹಂದಿಮಾಂಸದ ಪೈ ತಿನ್ನುತ್ತಿದ್ದ.

"ಏನಯ್ಯಾ ಟ್ರಾಂಟರ್, ನನ್ನ ಕಾರಿನ ಮೇಲೆ ಅಷ್ಟೊಂದು ಪ್ರೀತಿನಾ?"

ಟ್ರಾಂಟರ್ ಜಲ್ಲಿಯ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಸರಿದ. ನಾಲ್ಕು ಬೋಲ್ಟು, ನಾಲ್ಕು ಹಳದಿ ಬೊಟ್ಟು. ಮೊದಲನೆಯದಕ್ಕೆ ಸ್ಪ್ಯಾನರ್ ಇಟ್ಟು ಎಳೆದ, ಅಲುಗಲಿಲ್ಲ. ಎರಡನೆಯದೂ ಮೂರನೆಯದೂ ಅಲುಗಲಿಲ್ಲ. ನಾಲ್ಕನೆಯದನ್ನು ಎರಡೂ ಕೈಯಿಂದ ಎಳೆದ. ಅದೂ ಗಟ್ಟಿಯಾಗಿತ್ತು.

ಸಮಾಧಾನ ಬರಲಿಲ್ಲ. ಇದನ್ನು ಸರಿಯಾಗಿ ಬಿಗಿದವನು ಅವನೇ, ಹಸಿರು ಕಾರಿನದನ್ನು ಸಡಿಲ ಬಿಟ್ಟವನೂ ಅವನೇ. ಎರಡೂ ದಿನ ಅವನ ತಲೆಯಲ್ಲಿ ಇರಲಿಲ್ಲ. ಇನ್ನೂ ಐದು ಕಾರು ನೋಡುವುದಿತ್ತು. ಈಗ ಎಳೆದದ್ದಾದರೂ ನಾಲ್ಕನ್ನೇ ಹೌದೋ, ಒಂದನ್ನೇ ಎರಡು ಸಲ ಎಳೆದೆನೋ ಎಂದು ಅನುಮಾನ ಹುಟ್ಟಿತು. ಕಾರಿನ ಕೆಳಗಿನ ಅರೆಗತ್ತಲಿನಿಂದಲೇ ಅವನು ಕೂಗಿದ.

"ಗ್ವಿಲಿಮ್."

"ಹೇಳು."

"ನೀನೂ ಒಂದ್ಸಲ ಬಂದು ನೋಡು. ನಾಲ್ಕೂ."

"ನಿನ್ನ ಹಳದೀನಾ?"

"ಹೂಂ. ನನ್ನದೇ."

ಗ್ವಿಲಿಮ್ ಕೋಟು ಬಿಚ್ಚಿ ಮಾಸ್ತರನ ಬೆಂಚಿನ ಮೇಲಿಟ್ಟು, ಬಲಬದಿಯಿಂದ ಕಾರಿನ ಕೆಳಗೆ ತೂರಿಕೊಂಡು ಸ್ಪ್ಯಾನರಿಗಾಗಿ ಕೈ ಚಾಚಿದ.