ಸದ್ದಾಗದಂತೆ ಇಳಿಸುವುದು

ನಮ್ಮ ಗರಡಿಯಲ್ಲಿ ಕಬ್ಬಿಣವನ್ನು ನೆಲಕ್ಕೆ ಬಿಸಾಡುವಂತಿರಲಿಲ್ಲ. ಎತ್ತಲು ಆಗದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ನಾಳೆ ಎತ್ತುತ್ತೀಯ ಬಿಡು ಎನ್ನುತ್ತಿದ್ದರು. ಆದರೆ ಎತ್ತಿದ್ದನ್ನು ಕೈಬಿಟ್ಟು ಧಡ್ ಎನ್ನಿಸಿದರೆ ಅಲ್ಲೇ ನೂರೊಂದು ಬಸ್ಕಿ ಹೊಡೆಯಬೇಕಿತ್ತು. ಮರುದಿನ ತೆಂಗಿನಕಾಯಿ ತಂದು ಮೂಲೆಯ ಆಂಜನೇಯನ ಪಟದ ಮುಂದೆ ಒಡೆದು, ಆ ಕಬ್ಬಿಣದ ಬಾರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಈ ಶಿಕ್ಷೆಯನ್ನು ನಿಂತು ಮಾಡಿಸುತ್ತಿದ್ದವನು ನಾನು. ಅದಕ್ಕೇ ಇದನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ನನ್ನ ಪಾಲನ್ನು ದಾಕ್ಷಿಣ್ಯಕ್ಕೆ ಬಿಟ್ಟುಬಿಡುತ್ತಾರೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಒಂದು ಕೋಣೆಯ ಬಾಡಿಗೆದಾರ. ಗರಡಿ ಇದ್ದದ್ದು ತಿಲಕ್ ನಗರದಲ್ಲಿ, ಒಂದು ಸಾಮಿಲ್ಲಿನ ಹಿಂದೆ, ಶೀಟ್ ಹೊದಿಸಿದ ಉದ್ದನೆಯ ಶೆಡ್ಡಿನಲ್ಲಿ. ಅರ್ಧ ಭಾಗ ಕುಸ್ತಿಯ ಕೆಮ್ಮಣ್ಣು. ಉಳಿದರ್ಧ ಸಿಮೆಂಟು ನೆಲ, ಅದರ ಮೇಲೆ ನಾರಿನ ಚಾಪೆ, ಚಾಪೆಯ ಮೇಲೆ ನಮ್ಮ ಒಂದೇ ಒಂದು ಉದ್ದನೆಯ ಬಾರ್ ಮತ್ತು ಎರಕದ ಕಬ್ಬಿಣದ ಪ್ಲೇಟುಗಳು. ಉಸ್ತಾದರು ಕುಸ್ತಿಯ ಕಾಲದವರು. ವೇಟ್‌ಲಿಫ್ಟಿಂಗ್ ಅವರಿಗೆ ಆಮೇಲೆ ಬಂದ ವಿದ್ಯೆ. ಕುಸ್ತಿಯ ಮಣ್ಣಿಗೆ ಕೊಡುವ ಮರ್ಯಾದೆಯನ್ನೇ ಅವರು ಕಬ್ಬಿಣಕ್ಕೂ ಕೊಡುತ್ತಿದ್ದರು. "ಅದು ನಿನ್ ತಲೆ ಮೇಲೆ ಬಂದು ನಿಂತಿದ್ದು ದೊಡ್ಡ ಮಾತು. ಅದನ್ನ ಕಸದ ಥರ ಎಸೀಬೇಡ," ಎನ್ನುತ್ತಿದ್ದರು. ಅವರ ಮಂಡಿ ಕೈಕೊಟ್ಟ ಮೇಲೆ ಸಂಜೆಯ ಹೊತ್ತು ನೋಡಿಕೊಳ್ಳುವ ಜವಾಬ್ದಾರಿಯನ್ನು ನನಗೆ ಒಪ್ಪಿಸಿದರು. ನನಗೆ ತಲೆ ನಿಲ್ಲಲಿಲ್ಲ. ಕಚೇರಿಯಲ್ಲಿ ಜವಾನ ಕೂಡ ನನ್ನ ಮಾತು ಕೇಳುತ್ತಿರಲಿಲ್ಲ, ಇಲ್ಲಿ ಇಪ್ಪತ್ತು ಜನ ಗಟ್ಟಿಮುಟ್ಟಾದವರು ಕೇಳುತ್ತಿದ್ದರು.

ನಾನು ಹೇಳಿಕೊಳ್ಳುವಂಥ ಪಟುವೇನೂ ಅಲ್ಲ. ಸ್ನ್ಯಾಚ್ ಎಂದರೆ ನೆಲದ ಮೇಲಿನ ಬಾರನ್ನು ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಒಯ್ಯುವುದು. ನೋಡುವವರಿಗೆ ಅದು ತೋಳಿನ ಕೆಲಸ ಎನ್ನಿಸುತ್ತದೆ, ಆದರೆ ತೋಳು ಬರೀ ಹಗ್ಗ. ಕಾಲು ಮತ್ತು ಸೊಂಟ ಸೇರಿ ಬಾರನ್ನು ಎದೆಮಟ್ಟದ ತನಕ ಚಿಮ್ಮಿಸುತ್ತವೆ. ಅಲ್ಲಿಂದ ಮುಂದೆ ಭಾರದ ಬಾರ್ ಏರುವುದಿಲ್ಲ. ಅದು ಇನ್ನೂ ಬೀಳಲು ಶುರು ಮಾಡುವ ಮುಂಚೆ ನಾವೇ ಅದರ ಕೆಳಗೆ ನುಗ್ಗಿ, ಕುಕ್ಕರುಗಾಲಲ್ಲಿ ಕೂತು, ತೋಳು ನೆಟ್ಟಗೆ ಚಾಚಿ ಹಿಡಿಯಬೇಕು. ಇದು ನನ್ನ ಮೈಗೆ ಅರ್ಥವಾಗಲು ಮೂರು ವರ್ಷ ಹಿಡಿಯಿತು. ಬೀಳುವ ಭಾರದಿಂದ ಓಡಿಹೋಗು ಎಂದು ಮೈಯ ಒಂದೊಂದು ನರವೂ ಹೇಳುತ್ತಿರುವಾಗ ಅದರ ಕೆಳಕ್ಕೇ ಹೋಗುವುದು ಹುಡುಗಾಟವಲ್ಲ. ಹಿಡಿತವಾದರೂ ಎಂಥದ್ದು? ಹೆಬ್ಬೆರಳನ್ನು ಒಳಗೆ ಹಾಕಿ ಅದರ ಮೇಲೆ ಉಳಿದ ಬೆರಳುಗಳನ್ನು ಅದುಮಿ ಬೀಗ ಹಾಕುವ ಹಿಡಿತ. ಜಾರುವುದಿಲ್ಲ ನಿಜ, ಆದರೆ ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳುವುದೂ ಇಲ್ಲ.

ಭಾರ ಎತ್ತುವುದರಲ್ಲಿ ನಾನು ಸಾಧಾರಣ, ಇಳಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ತಲೆಯ ಮೇಲಿಂದ ಎದೆಗೆ, ಎದೆಯಿಂದ ತೊಡೆಗೆ, ತೊಡೆಯಿಂದ ಚಾಪೆಗೆ. ಪಕ್ಕದಲ್ಲಿ ಮಲಗಿದ ಮಗು ಏಳಬಾರದು, ಹಾಗೆ. ಜನ ನಿಂತು ನೋಡುತ್ತಿದ್ದರು. ಥೂ, ಅದೆಂಥ ಜಂಭವೋ ನನ್ನದು, ಈಗ ನೆನೆದರೆ ಮೈ ಉರಿಯುತ್ತದೆ.

ನನ್ನ ಜೊತೆಗಾರ ಕದಿರೇನಹಳ್ಳಿಯ ಕಡೆಯವನು, ನನ್ನದೇ ವಯಸ್ಸು. ಅಲ್ಲೊಂದು ಪವರ್‌ಲೂಮಿನಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದ. ಮಗ್ಗದ ಸದ್ದಿನಲ್ಲಿ ಇದ್ದೂ ಇದ್ದೂ ಜೋರಾಗಿ ಮಾತಾಡುವ ಅಭ್ಯಾಸ, ಗುಟ್ಟು ಹೇಳಿದರೂ ಸಾಮಿಲ್ಲಿನವರಿಗೆ ಕೇಳಿಸುತ್ತಿತ್ತು. ಅರವತ್ತು ಕಿಲೋ ಮೈ, ಸ್ಪ್ರಿಂಗಿನಂಥ ಕಾಲು. ನಾನು ಮೂರು ವರ್ಷದಲ್ಲಿ ಕಲಿತದ್ದನ್ನು ಅವನು ಮೂರು ತಿಂಗಳಲ್ಲಿ ಕಲಿತ. ನನಗೆ ಹೊಟ್ಟೆಕಿಚ್ಚಾಗಲಿಲ್ಲವೇ ಎಂದರೆ, ಆಯಿತು. ಒಂದು ವಾರ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನಿಗೆ ಅದು ತಿಳಿಯಲೇ ಇಲ್ಲ, ಅಂಥ ಮನುಷ್ಯ.

ಅವನಿಗೆ ಒಂದೇ ಆಸೆ ಇತ್ತು. ದೊಡ್ಡ ಕಾರ್ಖಾನೆಯೊಂದು ತನ್ನ ಟೀಮಿಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳುವುದರಲ್ಲಿತ್ತು. ಟ್ರಯಲ್ಸ್‌ನಲ್ಲಿ ಇಷ್ಟು ಎತ್ತಿ ತೋರಿಸಿದರೆ ಕಾಯಂ ಕೆಲಸ, ಯೂನಿಫಾರಂ, ಕಾರ್ಖಾನೆಯ ಬಸ್ಸು. "ಅಮ್ಮನ್ನ ಆ ಮಗ್ಗದ ಧೂಳಿಂದ ಆಚೆ ಕರ್ಕೊಂಡ್ ಹೋಗ್ಬೇಕು ಮಗಾ. ರಾತ್ರಿಯೆಲ್ಲ ಕೆಮ್ತಾಳೆ," ಎಂದಿದ್ದ. ಅವನ ತಾಯಿಯೂ ಅದೇ ಮಗ್ಗದಲ್ಲಿ ನೂಲು ಸುತ್ತುತ್ತಿದ್ದರು. ಟ್ರಯಲ್ಸ್‌ಗೆ ಆರು ತಿಂಗಳಿತ್ತು.

ಆ ಆರು ತಿಂಗಳಲ್ಲಿ ನಾನು ಕಣ್ಣಾರೆ ಕಂಡೂ ಕಾಣದಂತೆ ಇದ್ದ ಒಂದು ವಿಷಯವಿದೆ. ಶನಿವಾರದ ಪೂಜೆಗೆ ಹಳೆಯ ಶಿಷ್ಯರೆಲ್ಲ ಬರುತ್ತಿದ್ದರು. ಮಂಗಳಾರತಿ ತೆಗೆದುಕೊಳ್ಳಲು ಕೈ ಚಾಚಿದಾಗ ಅವರಲ್ಲಿ ಮೂವರ ಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಮೊಣಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು. ಉಸ್ತಾದರದೂ ಬಲಗೈ ಹಾಗೇ. ಅದಕ್ಕೆ ನಾವು ಗರಡಿ ಮೊಣಕೈ ಎನ್ನುತ್ತಿದ್ದೆವು. ಬಿರುದಿನ ಹಾಗೆ, ಹೆಮ್ಮೆಯಿಂದ. ನಾಲ್ಕು ಕೈ ಒಂದೇ ರೀತಿ ಯಾಕೆ ಸೊಟ್ಟಗಾದವು ಎಂದು ಒಬ್ಬನೂ ಕೇಳಲಿಲ್ಲ.

ಕೇಳದಿದ್ದರೂ ಹೇಳುವವರು ಸಿಕ್ಕಿದರು. ಟ್ರಯಲ್ಸ್‌ಗೆ ಎರಡು ತಿಂಗಳಿರುವಾಗ ನಾನೊಬ್ಬನೇ ಊರೊಳಗಿನ ಒಂದು ಸ್ಪರ್ಧೆ ನೋಡಲು ಹೋಗಿದ್ದೆ. ನಮ್ಮ ಗರಡಿಯ ಇನ್ನೊಬ್ಬ ಅಲ್ಲಿ ಎತ್ತುತ್ತಿದ್ದ. ಅವನ ಬಾರ್ ತಲೆಯ ಹಿಂದಕ್ಕೆ ವಾಲಿತು, ಅವನು ಬಿಡದೆ ಹಿಂದಹಿಂದಕ್ಕೆ ತಡವರಿಸಿಕೊಂಡು ಹೋಗಿ ಹೇಗೋ ಉಳಿಸಿಕೊಂಡ. ಉತ್ತರದಲ್ಲೆಲ್ಲೋ ತರಬೇತಿ ಪಡೆದು ಬಂದ ಕೋಚ್ ಒಬ್ಬರು ನನ್ನ ಹತ್ತಿರ ಬಂದು ಕೇಳಿದರು.

"ನಿಮ್ ಹುಡುಗ್ರಿಗೆ ಬಾರ್ ಬಿಡೋದು ಹೇಳ್ಕೊಟ್ಟಿಲ್ವಾ?"

"ನಮ್ಮಲ್ಲಿ ಬಿಡೋ ಪದ್ಧತಿ ಇಲ್ಲ ಸಾರ್," ಎಂದೆ, ದೊಡ್ಡ ಮನುಷ್ಯನ ಹಾಗೆ.

"ಪದ್ಧತಿ ಇರ್ಲಿ ಸಾರ್. ಹಿಂದಕ್ಕೆ ಹೋದ ಭಾರನ ಯಾರೂ ಉಳಿಸ್ಕೊಳ್ಳಕ್ಕಾಗಲ್ಲ. ಕೈ ಬಿಟ್ಟು ಮುಂದಕ್ಕೆ ನೆಗೀಬೇಕು. ಖಾಲಿ ಬಾರಲ್ಲಿ ದಿನಾ ಹತ್ತು ಸಲ ಅದೊಂದನ್ನೇ ಮಾಡ್ಸಿ. ಇಲ್ದಿದ್ರೆ ಯಾರಾದ್ರೂ ಒಬ್ರು ಕೈ ಕಳ್ಕೋತಾರೆ. ಬರ್ದಿಟ್ಕೊಳ್ಳಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮ ಹುಡುಗ ಎತ್ತಿ ಉಳಿಸಿಕೊಂಡಿದ್ದಾನೆ, ಇವರಿಗೇನು ಸಂಕಟ ಎನ್ನಿಸಿತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಆ ನಾಲ್ಕು ಮೊಣಕೈಗಳು ಕಣ್ಣ ಮುಂದೆ ಬಂದವು. ಬಂದವು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ. ನನಗೆ ಆಗಲೇ ಅರ್ಥವಾಗಿತ್ತು. ಉಸ್ತಾದರಿಗೆ ಹೇಳಿದರೆ ನೊಂದುಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಏನೆಂದರೆ, ಬಾರ್ ಬಿಡುವುದೂ ಒಂದು ವಿದ್ಯೆ ಎಂದಾಗಿಬಿಟ್ಟರೆ ಸದ್ದಾಗದಂತೆ ಇಳಿಸುವ ನನ್ನನ್ನು ಯಾರು ನಿಂತು ನೋಡುತ್ತಾರೆ? ಅದಕ್ಕೆ ಸುಮ್ಮನಾದೆ. ಯಾರಿಗೂ ಹೇಳಲಿಲ್ಲ. ಅವನಿಗೂ ಹೇಳಲಿಲ್ಲ.

ಮೂರು ವಾರದ ನಂತರ ಒಂದು ಸಂಜೆ ನನ್ನ ಜೊತೆಗಾರನ ಬಾರೂ ಹಿಂದಕ್ಕೆ ವಾಲಿತು. ಅಂಥ ಹೊತ್ತಿನಲ್ಲಿ ಒಂದು ಕ್ಷಣ ಎಲ್ಲ ನಿಶ್ಶಬ್ದವಾಗುತ್ತದೆ. ಅವನು ಕೂತಲ್ಲಿಂದಲೇ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಭುಜ ತಿರುಚಿ, ಹಲ್ಲು ಕಚ್ಚಿ ಅದನ್ನು ಮತ್ತೆ ತಲೆಯ ಮೇಲಕ್ಕೆ ತಂದ. ಅವನ ಎಡ ಮೊಣಕೈಯಿಂದ ಬೆರಳು ಲಟಿಕೆ ಮುರಿದಷ್ಟು ಚಿಕ್ಕ ಸದ್ದು ಬಂತು. ನನಗೆ ಕೇಳಿಸಿತು. ಆಮೇಲೆ ಅವನು ಮೆಲ್ಲಗೆ, ನಾನು ಕಲಿಸಿದ ಹಾಗೆಯೇ, ಚಾಪೆಗೆ ಇಳಿಸಿದ. ಶೆಡ್ಡಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಅವನ ಬೆನ್ನು ಗುದ್ದಿ, "ಸಖತ್ ಗುರು. ಪ್ರಾಣ ಹೋದ್ರೂ ಬಿಡಲ್ಲ ಅಂತೀಯಲ್ಲ, ಇದು ನಮ್ ಗರಡಿ," ಎಂದೆ. ಅವನು ಮೊಣಕೈ ಉಜ್ಜಿಕೊಳ್ಳುತ್ತಾ ನಕ್ಕ. ಅವತ್ತು ಚಪ್ಪಾಳೆಯ ಬದಲು ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಖಾಲಿ ಬಾರು ಅಲ್ಲೇ ಇತ್ತು.

ಅಲ್ಲಿಂದ ಮುಂದೆ ಎರಡನೇ ಪಾಳಿ ಇಲ್ಲದ ದಿನವೆಲ್ಲ ಅವನು ಬರುತ್ತಿದ್ದ, ಮೊಣಕೈಗೆ ಎಣ್ಣೆ ತಿಕ್ಕಿ ಬಟ್ಟೆ ಸುತ್ತಿಕೊಂಡು. ಜರ್ಕ್ ಮಾಡುವಾಗ, ಎಂದರೆ ಎದೆಗೆ ತಂದ ಬಾರನ್ನು ತಲೆಯ ಮೇಲಕ್ಕೆ ಚಿಮ್ಮಿಸುವಾಗ, ಎಡಗೈ ಕೂದಲೆಳೆಯಷ್ಟು ತಡವಾಗಿ ನೆಟ್ಟಗಾಗುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ. ನೋಡಿ, ಏನೂ ಇಲ್ಲ ಎಂದುಕೊಳ್ಳುತ್ತಿದ್ದೆ. ಟ್ರಯಲ್ಸ್‌ ಹತ್ತಿರವಾದಂತೆ ನನಗೆ ಊಟ ಸೇರುತ್ತಿರಲಿಲ್ಲ, ಅವನಿಗೆ ಚೆನ್ನಾಗಿ ಸೇರುತ್ತಿತ್ತು.

ಟ್ರಯಲ್ಸ್‌ ನಡೆದದ್ದು ಕಂಟೋನ್ಮೆಂಟ್ ಕಡೆಯ ಒಂದು ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ. ಅಲ್ಲಿ ದಪ್ಪ ಹಲಗೆಯ ಕಟ್ಟೆ, ರಬ್ಬರು ಹೊದಿಸಿದ ಪ್ಲೇಟುಗಳು. ಎತ್ತಲಾಗದವರು ಬಾರ್ ಬಿಟ್ಟು ಮುಂದಕ್ಕೆ ನೆಗೆಯುತ್ತಿದ್ದರು, ಬಾರ್ ಬಿದ್ದು ಪುಟಿಯುತ್ತಿತ್ತು, ಯಾರೂ ತಿರುಗಿ ಕೂಡ ನೋಡುತ್ತಿರಲಿಲ್ಲ. ಅವನು ಅದನ್ನು ಕಣ್ಣರಳಿಸಿ ನೋಡಿದ. "ಏನೋ ಇದು, ಹಿಂಗ್ ಎಸೀತಾರೆ?" ಎಂದ.

ಅದು ನನಗೆ ಸಿಕ್ಕ ಕೊನೆಯ ಅವಕಾಶ. "ನೀನೂ ಬಿಡು, ತಪ್ಪಿಲ್ಲ," ಎನ್ನಬಹುದಿತ್ತು. ನಾನು ಹೇಳಿದ್ದು ಬೇರೆ. "ಅವ್ರಿಗೆ ಸಂಸ್ಕಾರ ಇಲ್ಲ. ನೀನು ಇಳ್ಸಿ ತೋರ್ಸು."

ಮೊದಲು ಸ್ನ್ಯಾಚ್, ಆಮೇಲೆ ಜರ್ಕ್, ಎರಡನ್ನೂ ಕೂಡಿಸಿ ಲೆಕ್ಕ. ಒಂದೊಂದರಲ್ಲೂ ಒಬ್ಬೊಬ್ಬರಿಗೆ ಮೂರು ಅವಕಾಶ. ಮೊದಲನೆಯದರಲ್ಲಿ ಎಂಬತ್ತು ಕಿಲೋ ಎತ್ತಿದ. ಎತ್ತಿ, ರೆಫರಿ ಸೂಚನೆ ಕೊಟ್ಟ ಮೇಲೆ, ಸದ್ದೇ ಆಗದಂತೆ ಇಳಿಸಿದ. ಎದುರು ಕೂತಿದ್ದ ಕಾರ್ಖಾನೆಯವರು ಮುಖ ಮುಖ ನೋಡಿಕೊಂಡು ನಕ್ಕರು, ಮೆಚ್ಚುಗೆಯ ನಗು. ನನಗೆ ಎದೆ ಉಬ್ಬಿತು. ಎರಡನೆಯದು ಎಂಬತ್ತೈದು. ಎಳೆತ ಚೆನ್ನಾಗಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ಚೆನ್ನಾಗಿತ್ತು. ಬಾರ್ ತಲೆಯ ಮೇಲೆ ನಿಲ್ಲದೆ ಇನ್ನೂ ಹಿಂದಕ್ಕೆ ಸಾಗಿತು. ಅದನ್ನು ಬಿಟ್ಟಿದ್ದರೆ ಇನ್ನೊಂದು ಅವಕಾಶ ಉಳಿದಿರುತ್ತಿತ್ತು. ಅದೂ ತಪ್ಪಿದ್ದರೆ ಎಂಬತ್ತೇ ಸಾಕಿತ್ತು, ಉಳಿದದ್ದನ್ನು ಜರ್ಕಿನಲ್ಲಿ ಎತ್ತಿಬಿಡುತ್ತಿದ್ದ. "ಬಿಡೀ, ಬಿಡೀ," ಎಂದು ಯಾರೋ ಕೂಗಿದರು. ನಾನು ಕೂಗಲಿಲ್ಲ. ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟ, ಎರಡನೆಯದನ್ನೂ ಇಟ್ಟ. ಎಡ ಮೊಣಕೈ ಯಾವ ದಿಕ್ಕಿಗೆ ಮಡಿಚಬಾರದೋ ಆ ದಿಕ್ಕಿಗೆ ಮಡಿಚಿಕೊಂಡಿತು. ಆಗಲೂ ಬೆರಳು ಬಿಚ್ಚಲಿಲ್ಲ. ಬಾರಿನ ಜೊತೆಗೇ ಕೆಳಗೆ ಬಿದ್ದ.

ಆಸ್ಪತ್ರೆಯಲ್ಲಿ ಕೀಲು ಕೂರಿಸಿ ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊಣಕೈ ಅರ್ಧಕ್ಕಿಂತ ಹೆಚ್ಚು ನೆಟ್ಟಗಾಗಲಿಲ್ಲ, ಕೊನೆಯ ಎರಡು ಬೆರಳಿಗೆ ಸ್ಪರ್ಶ ಬರಲಿಲ್ಲ. ನರಕ್ಕೆ ಪೆಟ್ಟಾಗಿದೆ ಎಂದರು. ಕಾರ್ಖಾನೆಯ ಮಾತು ಮುಗಿದೇಹೋಯಿತು. ಮಗ್ಗದಲ್ಲಿ ತುಂಡಾದ ಎಳೆಯನ್ನು ಕ್ಷಣಾರ್ಧದಲ್ಲಿ ಗಂಟು ಹಾಕಬೇಕು, ಅದಕ್ಕೆ ಎರಡು ಕೈಯ ಬೆರಳೂ ಚುರುಕಾಗಿರಬೇಕು. ಮಾಲೀಕರು ಒಂದು ತಿಂಗಳು ನೋಡಿ ಬೇರೆಯವರನ್ನು ಇಟ್ಟುಕೊಂಡರು. ಅವನ ತಾಯಿ ಎರಡು ಪಾಳಿ ಹೋಗತೊಡಗಿದರು.

ಈ ಸುದ್ದಿ ಕೇಳಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅವನ ಮನೆಗೆ ಹೋದೆ. ಅವನು ಚಾಪೆಯ ಮೇಲೆ ಕೂತು ಕೈಯನ್ನು ಬಿಸಿನೀರಿನ ಬೇಸಿನ್ನಿನಲ್ಲಿ ಇಟ್ಟುಕೊಂಡಿದ್ದ. ತಾಯಿ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದರು. ನಾನು ಒಳಗೆ ಬಂದರೂ ತಲೆಯೆತ್ತಲಿಲ್ಲ, ಬಾ ಎನ್ನಲಿಲ್ಲ. ಅದಕ್ಕೂ ಮೊದಲು ನಾನು ಹೋದಾಗಲೆಲ್ಲ ಊಟ ಹಾಕದೆ ಕಳಿಸಿದವರಲ್ಲ ಅವರು.

ಅದೂ ಇದೂ ಮಾತಾಡಿದೆವು. ಆಮೇಲೆ ಅವನು ಎಂದಿನ ಹಾಗೆ ಜೋರು ದನಿಯಲ್ಲೇ ಕೇಳಿದ. "ಆವತ್ತು ಯಾರೋ ಬಿಡೀ ಅಂತ ಕೂಗಿದ್ರಲ್ಲ. ಆಮೇಲೆ ಡಾಕ್ಟ್ರೂ ಅಂದ್ರು, ಬಿಟ್ಟಿದ್ರೆ ಏನೂ ಆಗ್ತಿರ್ಲಿಲ್ಲ ಅಂತ. ಹಂಗ್ ಬಿಡೋದನ್ನೂ ಕಲಿಸ್ತಾರಂತೆ. ನಿಂಗ್ ಗೊತ್ತಿತ್ತೇನೋ?"

ತಾಯಿಯ ಕೈ ಮೊರದ ಮೇಲೆ ನಿಂತಿತು.

"ಇಲ್ಲ ಕಣೋ," ಎಂದೆ.

ಅವನ ಮುಖ ಹಗುರಾಯಿತು. ಅದನ್ನು ನಾನು ಕಂಡೆ, ತುಂಬ ದಿನದಿಂದ ಹೊತ್ತದ್ದನ್ನು ಇಳಿಸಿದವನ ಮುಖ. ತಾಯಿಯ ಕಡೆ ತಿರುಗಿ, "ಕೇಳ್ದಾ ಅಮ್ಮ? ನಾನ್ ಹೇಳ್ಲಿಲ್ವಾ? ಇವನಿಗೆ ಗೊತ್ತಿದ್ರೆ ನಂಗ್ ಹೇಳ್ದೆ ಇರ್ತಿದ್ನಾ? ನೀನು ಸುಮ್ಸುಮ್ನೆ ಇವನ್ನ ಬೈಕೊಂಡ್ ಕೂತಿದ್ದೆ," ಎಂದ.

ಆ ತಾಯಿ ಮೊರ ಪಕ್ಕಕ್ಕಿಟ್ಟು ಎದ್ದರು. ಮೊದಲ ಸಲ ನನ್ನ ಮುಖ ನೋಡಿದರು. "ತಪ್ಪು ತಿಳ್ಕೋಬೇಡಪ್ಪ, ಹೊಟ್ಟೆ ಸಂಕಟ," ಎಂದು ಹೇಳಿ ಒಳಗೆ ಹೋಗಿ, ಸ್ಟೌ ಹಚ್ಚಿ, ನನಗೆ ಕಾಫಿ ಮಾಡಿಕೊಂಡು ಬಂದರು. ನಾನು ಕುಡಿದೆ.