ಮಾಣಿಕಪ್ಪನ ಹೊಸ ಹೆಡ್‌ಫೋನ್

ನಾರಾಯಣಖೇಡದಲ್ಲಿ ಮಾಣಿಕಪ್ಪನಂಥ ಮೊಂಡ ಮನುಷ್ಯ ಇನ್ನೊಬ್ಬನನ್ನು ನಾನು ಕಂಡಿಲ್ಲ. ಹಗಲೆಲ್ಲ ಬೇಳೆ ಗಿರಣಿಯ ಎಂಜಿನ್ ನೋಡಿಕೊಳ್ಳುವುದು, ಸೋಮವಾರ ಸಂಜೆ ಬಸವಣ್ಣನ ಗುಡಿಯ ಭಜನೆಯಲ್ಲಿ ಮುಂದಾಗಿ ಹಾಡುವುದು, ಇವೆರಡೇ ಅವನ ಬದುಕು. ಅವನ ಎಡಕ್ಕೆ ಕೂತು ತಬಲಾ ಬಾರಿಸುವವನು ನಾನು, ಪೀರಪ್ಪ. ಗಿರಣಿಯ ಎದುರಿನ ಕಾಳುಕಡಿ ಅಡತಿ ಅಂಗಡಿಯಲ್ಲಿ ಚೀಲ ತೂಗುವುದು ನನ್ನ ಕೆಲಸ. ಹೀಗಾಗಿ ಹಗಲೂ ಆ ಮುಖ ನನಗೆ ತಪ್ಪಿದ್ದಲ್ಲ.

ನಮ್ಮ ಭಜನೆಯಲ್ಲಿ ಎರಡು ಸಾಲು ಎದುರುಬದುರಾಗಿ ಕೂರುತ್ತವೆ. ಮುಂದಾಗಿ ಹಾಡುವವನು ಒಂದು ನುಡಿ ಎತ್ತಿದರೆ ಎದುರಿನವರು ಅದನ್ನೇ ಹಿಡಿಯಬೇಕು. ಅವನೊಬ್ಬ ತಾಳ ತಪ್ಪಿದರೆ ಮೇಳವೆಲ್ಲ ತಪ್ಪಿತು. ಮಾಣಿಕಪ್ಪ ಹಾಡುವಾಗ ಬಲಗಿವಿಯ ಹಿಂದೆ ಅಂಗೈ ಇಟ್ಟುಕೊಳ್ಳುತ್ತಿದ್ದ. ಉಸ್ತಾದರ ಗತ್ತು ಎಂದು ನಾವೆಲ್ಲ ನಂಬಿದ್ದೆವು. ಹೊಸದಾಗಿ ಬಂದವರೂ ಅದನ್ನೇ ಕಲಿತರು. ಹಾಡು ಬರಲಿ ಬಿಡಲಿ, ಕೈ ಮಾತ್ರ ಕಿವಿಗೆ!

ಅವನು ಹಾಡು ಕಲಿಯುತ್ತಿದ್ದುದು ಟೇಪಿನಿಂದ. ದುಬೈಗೆ ಹೋಗಿಬಂದ ಗೆಳೆಯನೊಬ್ಬ ಟೇಪ್ ರೆಕಾರ್ಡರನ್ನೂ ಹೆಡ್‌ಫೋನನ್ನೂ ಅವನಿಗೆ ಮಾರಿದ್ದ. ವಚನ, ಮರಾಠಿ ಅಭಂಗ, ಕವ್ವಾಲಿ, ತೆಲುಗು ಸಿನಿಮಾ ಹಾಡು, ಏನು ಸಿಕ್ಕರೂ ಕೇಳುತ್ತಿದ್ದ. "ಕಿವಿಗಿ ಬುಟ್ಟಿ ಕಟ್ಕೊಂಡು ಕುಂತರ ದನಾ ಯಾರು ಕಟ್ಟಬೇಕು?" ಎಂದು ಹೆಂಡತಿ ಸುಗಲಾಬಾಯಿ ಬಯ್ಯುತ್ತಿದ್ದಳು. ಹೆಡ್‌ಫೋನಿನ ತಂತಿ ಹರಿದಾಗ ಊರಿನ ರೇಡಿಯೋ ಮಿಸ್ತ್ರಿ ಎರಡೂ ಕಿವಿಯ ತಂತಿಗಳನ್ನು ಕೂಡಿಸಿ ಬೆಸೆದುಕೊಟ್ಟಿದ್ದ. ಅದೂ ಈಗ ಗೊರಗೊರ ಎನ್ನತೊಡಗಿತ್ತು.

ಎಂಬತ್ನಾಲ್ಕನೆಯ ಇಸವಿ. ಶ್ರಾವಣ ಇನ್ನೂ ಬಂದಿರಲಿಲ್ಲ. ಸಿರ್ಗಾಪುರದ ಭಜನೆಯಲ್ಲಿ ಮಾಣಿಕಪ್ಪ ನಡುವೆಯೇ ತಾಳ ಬಿಟ್ಟ. ನಾನು ಎಷ್ಟು ಜೋರಾಗಿ ಬಾರಿಸಿದರೂ ಅವನದು ಬೇರೆಯೇ ದಾರಿ. ಎದುರಿನ ಸಾಲಿನವರು ನಕ್ಕರು. ಮೇಳದ ಹಿರಿಯರಾದ ವೀರಪ್ಪನವರು ಅಲ್ಲೇ ಹೇಳಿಬಿಟ್ಟರು: "ಶ್ರಾವಣದಾಗೂ ಹಿಂಗೇ ಆದ್ರ ಮುಂದಾಗಿ ಹಾಡೋದು ಬ್ಯಾರೆಯವರಿಗಿ ಕೊಡಬೇಕಾಗ್ತದ, ಮಾಣಿಕಪ್ಪ."

ಅವನ ಮುಖ ಕಪ್ಪಿಟ್ಟಿತು. ದಾರಿಯಲ್ಲಿ ನನ್ನ ಮುಂದೆ ಹೇಳಿದ: "ಹೆಡ್‌ಫೋನ್ ಕೆಟ್ಟದ. ಅದ್ರಾಗ ತಬಲಾ ಸರಿ ಕೇಳ್ಸಲ್ಲ. ಕೇಳಲಾರದ್ದು ಹೆಂಗ ಕಲೀಲಿ?"

"ಕುಣೀಲಾರದಾಕಿ ಅಂಗಳ ಡೊಂಕ ಅಂದಳಂತ," ಎಂದೆ. ನನಗೂ ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಅವನೇ ನನ್ನ ಬಾಗಿಲಲ್ಲಿ ನಿಂತು, "ಜಹೀರಾಬಾದಿಗಿ ಹೋಗಮ್ ನಡಿ. ಹೊಸಾದು ತರಬೇಕು," ಎಂದ.

ಜಹೀರಾಬಾದಿನ ಹಣಮಂತರಾಯರು ತಮ್ಮ ಅಂಗಡಿಯಲ್ಲಿ ಮೂರು ಬಗೆಯ ಹೆಡ್‌ಫೋನ್ ಮುಂದಿಟ್ಟು ಟೇಪ್ ಹಚ್ಚಿದರು. ಸ್ಪಂಜಿನದು ಅಗ್ಗ, ಆದರೆ ಎಲ್ಲ ಹಾಡೂ ತಗಡು ಬಡಿದಂತೆ. ದೊಡ್ಡ ಮೆತ್ತೆಯದರಲ್ಲಿ ಕವ್ವಾಲಿಯ ಚಪ್ಪಾಳೆಯೇ ಅಬ್ಬರ, ಮಾತು ತಿಳಿಯದು. ಮೂರನೆಯದನ್ನು ನಾನೇ ಹಾಕಿ ನೋಡಿದೆ. ಆಹಾ! ಎಡಕ್ಕೆ ತಬಲಾ, ಬಲಕ್ಕೆ ಹಾಡುವವನ ಕೊರಳು. ಬೆಲೆಯೂ ಅವನ ಕೈಗೆಟಕುವಂಥದ್ದು.

"ಇದನ್ನೇ ತಗೊ ಅಣ್ಣಾ," ಎಂದೆ.

ಮಾಣಿಕಪ್ಪ ಹಾಕಿಕೊಂಡ. ಹುಬ್ಬು ಗಂಟಿಕ್ಕಿದ. "ಇದ್ರಾಗ ತಬಲಾನೇ ಇಲ್ಲ."

ರಾಯರು ಅದೇ ಬಗೆಯ ಇನ್ನೊಂದು ಕೊಟ್ಟರು. "ಇದ್ರಾಗೂ ಇಲ್ಲ. ಕೆಟ್ಟ ಮಾಲು ಇಟ್ಕೊಂಡು ಕುಂತೀರೇನ್ರಿ?" ಎಂದು ದನಿ ಏರಿಸಿದ. ರಾಯರಿಗೂ ರೇಗಿತು. ಹೆಡ್‌ಫೋನನ್ನು ಕಿತ್ತು, ಎಡದ್ದು ಬಲಕ್ಕೆ ಬರುವಂತೆ ತಿರುಗಿಸಿ ಅವನ ತಲೆಗೆ ಹಾಕಿದರು. "ಈಗ?"

"ಹಾಂ, ಈಗ ತಬಲಾ ಬಂತು ನೋಡ್ರಿ." ಒಂದು ಗಳಿಗೆ ಕೇಳಿದ. "ಆದ್ರ ಹಾಡವನು ಎಲ್ಲಿ ಹೋದ?"

ಅವನ ಕೈ ನಿಧಾನವಾಗಿ ಎಡಗಿವಿಗೆ ಹೋಯಿತು. ಅಯ್ಯೋ ಶಿವನೆ! ಗಿರಣಿಯಲ್ಲಿ ಎಂಜಿನ್ ಇರುವುದು ಅವನ ಎಡಕ್ಕೆ, ವರ್ಷಗಟ್ಟಲೆ ಅದರ ಅಬ್ಬರ ತಿಂದ ಕಿವಿ ಅದೇ. ಭಜನೆಯಲ್ಲಿ ನನ್ನ ತಬಲಾ ಇರುವುದೂ ಎಡಕ್ಕೆ. ಹಳೆಯ ಹೆಡ್‌ಫೋನಿನಲ್ಲಿ ಮಿಸ್ತ್ರಿ ತಂತಿ ಕೂಡಿಸಿದ್ದರಿಂದ ಎರಡೂ ಕಡೆಯ ಸದ್ದು ಬೆರೆತು, ಪೂರ್ತಿ ಹಾಡು ಬಲಗಿವಿಯೊಂದರಲ್ಲೇ ಸಿಗುತ್ತಿತ್ತು. ನಾವು ಗತ್ತು ಎಂದುಕೊಂಡಿದ್ದ ಆ ಅಂಗೈ ಕೇಳಿಸಿಕೊಳ್ಳಲು ಇಟ್ಟದ್ದು.

"ಜರಾ ಮಂದ ಅದ ಅಂತ ಗೊತ್ತಿತ್ತು," ಎಂದ ಮಾಣಿಕಪ್ಪ. "ಪೂರಾ ಹೋಗ್ಯಾದ ಅಂತ ಗೊತ್ತಿದ್ದಿಲ್ಲ."

ಇದಕ್ಕೂ ಎರಡು ತಂತಿ ಕೂಡಿಸಿ ಕೊಡಿ ಎಂದು ನಾನು ರಾಯರನ್ನು ಕೇಳಿದೆ. ಮಾಣಿಕಪ್ಪ ಅದನ್ನು ತೆಗೆದಿಟ್ಟು ಸ್ಪಂಜಿನದನ್ನು ಮುಂದೆ ಸರಿಸಿದ. "ಇದಕ್ಕೇ ಕೂಡ್ಸ್ರಿ. ಒಂದು ಕಿವಿಗಿ ಅಷ್ಟು ಛಲೋದು ಯಾಕ?"

ಬಸ್ಸಿನಲ್ಲಿ ನಾನು ಅವನ ಬಲಕ್ಕೆ ಕೂತೆ. ಅರ್ಧ ದಾರಿ ಕಳೆದ ಮೇಲೆ ಬಲಗಿವಿ ಮುಟ್ಟಿಕೊಂಡು ಕೇಳಿದ: "ಪೀರ್ಯಾ, ಇದೂ ಹೋದ್ರ?"

"ಗಿರಣಿ ಬಿಟ್ಬಿಡು."

"ಬಿಟ್ಟು ಏನು ಉಣ್ಲಿ, ಹಾಡು ಉಣ್ಲ್ಯಾ?"



ಶ್ರಾವಣದ ಮೊದಲ ಸೋಮವಾರ ನಾನು ತಬಲಾ ಎತ್ತಿಕೊಂಡು ಹೋಗಿ ಅವನ ಬಲಕ್ಕೆ ಕೂತೆ. ಇದೇನು ಹೊಸ ಪದ್ಧತಿ ಎಂದು ವೀರಪ್ಪನವರು ಕೇಳಿದರು. "ಈ ಕಡಿ ಗಾಳಿ ಬರ್ತದ್ರಿ," ಎಂದೆ. ಮಾಣಿಕಪ್ಪ ಒಂದು ಸಲವೂ ತಾಳ ತಪ್ಪಲಿಲ್ಲ.

ಮರುದಿನ ಮಧ್ಯಾಹ್ನ ಗಿರಣಿಯ ಮಾಲೀಕನ ಕೂಗಾಟ ನಮ್ಮ ಅಂಗಡಿಯವರೆಗೂ ಕೇಳಿಸಿತು. "ಏ ಮಾಣಿಕ್ಯಾ! ಕಿವಡ ಆಗೀಯೇನೋ?" ಓಡಿ ಹೋದೆ. ಮಾಣಿಕಪ್ಪ ಬೆನ್ನು ತಿರುಗಿಸಿ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದ. ಬಲಗಿವಿಯ ತುಂಬ ಹತ್ತಿ ತುರುಕಿಕೊಂಡಿದ್ದ. ನಾನು ಭುಜ ಮುಟ್ಟಿ, ಮಾಲೀಕ ಬಯ್ಯುತ್ತಿದ್ದಾನೆಂದು ಕೈಸನ್ನೆ ಮಾಡಿ ತೋರಿಸಿದೆ.

"ಬಯ್ಲಿ ಬಿಡೋ," ಎಂದ, ಎಂಜಿನ್ನಿಗಿಂತ ಗಟ್ಟಿಯಾಗಿ. "ಸೋಮವಾರಕ್ಕ ಬೇಕು ಈ ಕಿವಿ."